ಬಾಯ್ಲರಿನ ಓರಗಿತ್ತಿಯರು

ಬೆಳಿಗ್ಗೆ ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದೆ. ಅಕ್ಕಿ ಗಿರಣಿಯಲ್ಲಿ ಭತ್ತ ಹರಡುವ ಪಕ್ಕದ ಮನೆಯವಳು ಬೇಲಿಯಾಚೆಯಿಂದಲೇ ಕೂಗಿದಳು:

"ಅಕ್ಕೋ, ಓರಗಿತ್ತೀರ್ನ ಬೇರೆ ಮಾಡ್‌ಬುಟ್ರು ಕಣಕ್ಕ! ಇವತ್ತು ಬರೀ ಬುಸ್ಸು ಅಂತವೆ, ಅಷ್ಟೇಯ."

ಓರಗಿತ್ತಿಯರೆಂದರೆ ಹೆಂಗಸರಲ್ಲ. ಕೃಷ್ಣರಾಜನಗರದ ಆ ಗಿರಣಿಯಲ್ಲಿ ಕುಸುಬಲಕ್ಕಿಗೆ ಭತ್ತ ಬೇಯಿಸುವ ಬಾಯ್ಲರ್ ಇತ್ತು. ನಮ್ಮ ಯಜಮಾನರು ಅದಕ್ಕೆ ಹೊಟ್ಟು ಹಾಕಿ ಉರಿ ನೋಡಿಕೊಳ್ಳುತ್ತಿದ್ದರು. ಹೆಚ್ಚಾದ ಆವಿ ಹೊರಗೆ ಬಿಡಲು ಮೊದಲು ಒಂದೇ ಕೊಳವೆ. ರಾಜ್ಯ ಒಂದುಗೂಡಿದ ಹೊಸತರಲ್ಲಿ ಗಿರಣಿ ದೊಡ್ಡದಾಯಿತು. ಆಗ ಅದರ ಮಗ್ಗುಲಿಗೇ, ಗೇಣು ಬಿಟ್ಟು, ಇನ್ನೊಂದನ್ನು ನಿಲ್ಲಿಸಿದರು. ಒಂದೊಂದನ್ನೇ ಬಿಟ್ಟರೆ ಸದ್ದು ಹೇಗೋ ತಡೆಯಬಹುದಿತ್ತು. ಎರಡನ್ನೂ ಒಟ್ಟಿಗೆ ಬಿಟ್ಟರೆ ಇದರ ಕೂಗಿಗೆ ಅದು ಏರಿ, ಅದರ ಕೂಗಿಗೆ ಇದು ಏರಿ, ಕೊನೆಗೆ ಸೂಜಿ ಚುಚ್ಚಿದಂಥ ಒಂದೇ ಚೀರಾಟ. ನಮ್ಮ ಮನೆಯ ಹಿತ್ತಾಳೆ ತಟ್ಟೆಯೂ ಗುಂಯ್ಗುಡುತ್ತಿತ್ತು.

ಆ ಎರಡು ಕೊಳವೆಗಳಿಗೆ ಓರಗಿತ್ತಿಯರೆಂದು ಹೆಸರಿಟ್ಟವರು ನಮ್ಮತ್ತೆ. "ಒಬ್ಳೇ ಇದ್ರೆ ಗೊಣಗ್ತಾಳೆ. ಇಬ್ರನ್ನೂ ಒಂದೇ ಒಲೆ ಮುಂದೆ ಕೂರಿಸಿದ್ರೆ ಊರೇ ಎದ್ದೋಯ್ತದೆ. ದೂರ ಕೂರ್ಸೋಕೆ ಯೋಳ್ಲಾ," ಎಂದು ಮಗನಿಗೆ ಹೇಳಿದ್ದರು. ಯಜಮಾನರು ನಕ್ಕರು, ನಾನೂ ನಕ್ಕೆ. ತಮಾಷೆಯ ಮಾತನ್ನು ಗಿರಣಿಯವರೆಗೆ ಒಯ್ಯುವುದು ಯಾರಿಗೂ ತೋಚಲಿಲ್ಲ.

ಬರಬರುತ್ತಾ ಯಜಮಾನರ ಕಿವಿ ಮಂದವಾಯಿತು. ಅವರು ಹತ್ತಿ ತುರುಕಿಕೊಂಡರು, ನಾನು ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟೆ. ಆ ಚೀರಾಟ ನಿಂತರೆ ಕಿವಿ ತಾನಾಗಿ ತೆರೆಯುತ್ತದೆಂದು ಇಬ್ಬರೂ ನಂಬಿದ್ದೆವು. ಶಿವನಿಗೆ ಹರಕೆಯನ್ನೂ ಕಟ್ಟಿಕೊಂಡಿದ್ದೆ.

ಈಗ ನಿಂತಿತ್ತು. ಅದುರಿ ಅದುರಿ ಗೋಡೆ ಬಿರುಕು ಬಿಟ್ಟಿತೆಂದು ಒಂದು ಕೊಳವೆಯನ್ನು ಕಟ್ಟಡದ ಆ ತುದಿಗೆ ಸಾಗಿಸಿದ್ದರು.

ಸಂಜೆ ಅವರು ಬಂದು ಕಾಲು ತೊಳೆಯುವಾಗ ಈಶ್ವರನ ಗುಡಿಯ ಗಂಟೆ ಕೇಳಿಸಿತು. ಮೊದಲೆಲ್ಲ ಎಲ್ಲಿದ್ದರೂ ಕೈಮುಗಿಯುತ್ತಿದ್ದವರು. ಅವರ ಕೈಯನ್ನೇ ನೋಡಿದೆ. ಅವರು ಹಿಮ್ಮಡಿ ಉಜ್ಜುತ್ತಲೇ ಇದ್ದರು.

"ಗಲಾಟೆ ನಿಂತದಂತೆ," ಎಂದರು. "ಎಲ್ರೂ ಅಂದ್ರು. ನಾನು ಗೋಡೆ ಮುಟ್ಟಿ ನೋಡ್ದೆ. ಅದುರ್ತಿಲ್ಲ ಕಣೇ."

"ಗುಡೀಲಿ ಗಂಟೆ ಹೊಡೀತಾವ್ರೆ," ಎಂದೆ. ನನ್ನ ತುಟಿ ನೋಡಿ, ಒದ್ದೆ ಕೈಯಲ್ಲೇ ಮುಗಿದರು.

ಹಿಂದೆ ನಾನು ಏನು ಹೇಳಿದರೂ ಮುಖ ಎತ್ತದೆ ಹ್ಞೂಂ ಅನ್ನುತ್ತಿದ್ದ ಮನುಷ್ಯ ಈಗ ನನ್ನ ಕಡೆ ನೋಡಲೇಬೇಕು. ಶಿವ ಅಷ್ಟನ್ನಾದರೂ ಕೊಟ್ಟ. ಆದರೂ ಗೋಡೆಯ ಹಾಗೆ ಕಿವಿಯೂ ಎಲ್ಲರ ಕಣ್ಣಿಗೆ ಕಾಣುವಂತೆ ಬಿರುಕು ಬಿಟ್ಟಿದ್ದರೆ, ಯಾರಾದರೂ ಬೇಗ ಬಂದು ನೋಡುತ್ತಿದ್ದರೇನೋ.

ಒಳಗೆ ಎಸರು ಮರಳುತ್ತಿತ್ತು. ಹೋಗಿ ಹಿಟ್ಟು ಹಾಕಿ, ಮುದ್ದೆ ತೊಳಸಲು ಕೂತೆ.