ಯಾರೂ ಇಳಿಯಬೇಕಾಗಿಲ್ಲ

ಇವತ್ತು ಬೆಳಿಗ್ಗೆ ನಮ್ಮ ವಿಶ್ರಾಮಬಾಗದ ಓಣಿಗೆ ಗಟಾರ ತೊಳೆಯುವ ಜೆಟ್ಟಿಂಗ್ ಗಾಡಿ ಬಂತು. ಮೊದಲು ಸದ್ದು, ಹಿಂದೆಯೇ ವಾಸನೆ. ಮನೆಮನೆಯ ಕಿಟಕಿಗಳು ಮುಚ್ಚಿದವು. ನಾನು ಚಹಾದ ಕಪ್ಪು ಹಿಡಿದು ಬಾಲ್ಕನಿಗೆ ಹೋದೆ. ಆ ವಾಸನೆಗೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ. ನನಗೆ ಹಿಂದೆ ಬರೆದ ಒಂದು ವಾಕ್ಯ ನೆನಪಾಗುತ್ತದೆ. ಅದಕ್ಕೆ ಮುಚ್ಚಿಕೊಳ್ಳಲು ಏನೂ ಇಲ್ಲ.

ಆಗ ನಾನು ಮಿರಜಿನ ಒಂದು ಮರಾಠಿ ಪತ್ರಿಕೆಯ ವರದಿಗಾರ. ಮನೆಮಾತು ಕನ್ನಡ, ಹೊಟ್ಟೆಪಾಡು ಮರಾಠಿ. ನಮ್ಮ ಕಡೆ ಇದೇನು ದೊಡ್ಡ ಸಂಗತಿಯಲ್ಲ. ಊರಿಗೆ ಮೊದಲ ಜೆಟ್ಟಿಂಗ್ ಗಾಡಿ ಬಂದ ದಿನ ಅದಕ್ಕೆ ಹಾರ ಹಾಕಿ ಕಾಯಿ ಒಡೆದರು. ನಾನು ಶಿಸ್ತಿನ ಮನುಷ್ಯ. ಟಾಕಿ ಎಷ್ಟು ನೀರು ಹಿಡಿಯುತ್ತದೆ, ತುದಿಯ ನಾಝಲ್‌ನಿಂದ ನೀರು ರಭಸವಾಗಿ ಹಿಂದಕ್ಕೆ ಚಿಮ್ಮಿದರೆ ಪೈಪು ಹೇಗೆ ಮುಂದಕ್ಕೆ ನುಗ್ಗುತ್ತದೆ, ಎಲ್ಲ ಕೇಳಿ ಬರೆದುಕೊಂಡೆ. ವರದಿಯ ಕೊನೆಗೆ ಒಂದು ಸಾಲು ಕಡಿಮೆ ಬಿತ್ತು. “ಇನ್ನು ಗಟಾರದ ಚೇಂಬರಿನೊಳಗೆ ಯಾರೂ ಇಳಿಯಬೇಕಾಗಿಲ್ಲ” ಎಂದು ಸೇರಿಸಿದೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಒಳ್ಳೆಯ ಮುಕ್ತಾಯ ಬೇಕಿತ್ತು, ಅಷ್ಟೆ. ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿಕೊಂಡೆ.

ಅಂದು ಗಾಡಿಯ ಪಕ್ಕದಲ್ಲಿ ದಶರಥ ಕಾಕಾ ನಿಂತಿದ್ದರು. ಗುತ್ತಿಗೆದಾರನ ಕೈಕೆಳಗೆ ವರ್ಷಗಟ್ಟಲೆ ಚೇಂಬರಿಗೆ ಇಳಿದವರು.

“ಗಾಡಿಗಿ ಹಾರ ಹಾಕ್ಯಾರ ನೋಡ್ರಿ ಸಾಹೇಬ್ರ. ನಾ ಇಷ್ಟ ವರ್ಷ ಇಳದೇನಿ, ಒಂದ ಎಸಳರ ಹಾಕ್ಯಾರೇನು?” ಎಂದರು. ನಕ್ಕೆ.

“ನಾಝಲ್ ಸಿಕ್ಕೊಂಡ್ರ ಬಿಡಸವ್ರು ಯಾರ್ರಿ?” ಎಂದೂ ಕೇಳಿದರು. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಕೆಲವೇ ತಿಂಗಳಲ್ಲಿ ನಾಝಲ್ ಸಿಕ್ಕಿಕೊಂಡಿತು, ಹಳೆ ಪೇಟೆಯ ಓಣಿಯೊಂದರಲ್ಲಿ, ಹರಕು ಸೀರೆ ಮತ್ತು ಇಟ್ಟಂಗಿ ಚೂರುಗಳ ನಡುವೆ. ಗುತ್ತಿಗೆದಾರ ಕಾಕಾರನ್ನು ಇಳಿಸಿದ. ಒಳಗಿನ ಕೆಟ್ಟ ಗಾಳಿ ಅವರನ್ನು ಕೆಡವಿತು. ಹಗ್ಗದಿಂದ ಎಳೆದು ತೆಗೆದರು. ಜೀವ ಉಳಿಯಿತು, ಉಸಿರು ಉಳಿಯಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು.

ಅವರ ಹೆಂಡತಿ ಶಾಂತಾ ಮಾವಶಿ ನಮ್ಮ ಕಚೇರಿಗೆ ಬಂದರು. ಕೈಯಲ್ಲಿ ನನ್ನ ವರದಿಯ ಝೆರಾಕ್ಸ್.

“ಇದು ನೀವ ಬರದದ್ದೇನ್ರಿ?”

“ಹೌದ್ರಿ ಮಾವಶಿ, ಕುಂದ್ರಿ.”

“ಕುಂದ್ರಾಕ ಬಂದಿಲ್ಲ. ಪರಿಹಾರಕ್ಕ ಬೇಕು, ಕೆಲಸದಾಗ ಹಿಂಗಾತು ಅಂತ ಬರಕೊಡಪ್ಪಾ ಅಂದ್ರ ಠೇಕೇದಾರ ಇದನ್ನ ತೋರಸ್ತಾನ. ಯಾರೂ ಇಳ್ಯಂಗಿಲ್ಲ ಅಂತ ಪೇಪರದಾಗ ಬಂದೈತಿ, ನಿನ್ನ ಗಂಡ ಕಾಲ ಜಾರಿ ಬಿದ್ದಾನ ಅಂತಾನ. ನೀವು ಕಣ್ಣಿಲೆ ನೋಡಿ ಬರದೀರೇನು?”

ನೋಡಿರಲಿಲ್ಲ. ಗುತ್ತಿಗೆದಾರ ಆ ತುಣುಕನ್ನು ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದನಂತೆ. ನನ್ನ ಬರಹವನ್ನು ಅಷ್ಟು ಜೋಪಾನ ಮಾಡಿದವನು ಅವನೊಬ್ಬನೇ. ತಿದ್ದುಪಡಿ ಹಾಕೋಣ ಎಂದು ಸಂಪಾದಕರನ್ನು ಕೇಳಿದೆ. ಗಾಡಿ ಬಂದದ್ದು ನಿಜ ತಾನೆ, ಮತ್ತೆ ತಪ್ಪೇನು ಎಂದರು. ನಾನು ಸುಮ್ಮನಾದೆ. ಅದನ್ನು ನೌಕರಿಯ ಶಿಸ್ತು ಎಂದು ಕರೆದುಕೊಂಡೆ. ಹೇಡಿತನ ಎಂದಿದ್ದರೆ ಒಂದು ಪದ ಉಳಿಯುತ್ತಿತ್ತು. ಎರಡು ವರ್ಷದ ಮೇಲೆ ಕಾಕಾ ತೀರಿಕೊಂಡರು, ಕಾಗದದಲ್ಲಿ ಕಾಲು ಜಾರಿದವರಾಗಿಯೇ.

ಇವತ್ತು ನಮ್ಮ ಓಣಿಯಲ್ಲೂ ಪೈಪು ಸಿಕ್ಕಿಕೊಂಡಿತು. ಡ್ರೈವರ್ ಎಳೆದ, ಬರಲಿಲ್ಲ. ಕೆಲಸಗಾರನೊಬ್ಬ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಸುತ್ತುತ್ತ ಮುಂದಿನ ಚೇಂಬರಿನ ಕಡೆಗೆ ನಡೆದ. ನಾನು ಪ್ಲಾಸ್ಟಿಕ್ ಕುರ್ಚಿ ಹೊತ್ತು ಕೆಳಗೋಡಿ, ಅದರ ಮುಚ್ಚಳದ ಮೇಲೇ ಹಾಕಿ ಕುಳಿತೆ.

“ಏಳ್ರಿ ಕಾಕಾ, ಕೆಲಸ ಐತಿ,” ಎಂದು ಅವನು ನನಗೆ ಹೇಳಿದ.

“ಪೈಪ ಕೊಯ್ಯಾಕ ಹೇಳು ನಿಮ್ಮ ಠೇಕೇದಾರಗ.”

ಎದುರು ಮನೆಯವರು ಕಿಟಕಿ ತೆರೆದು ಕೂಗಿದರು: “ನಮ್ಮ ಬಾತ್‌ರೂಮಿನ್ಯಾಗ ಗಲೀಜ ನೀರ ಏರಾಕತ್ತೈತ್ರಿ!”

“ಏರಲಿ. ಅವಸರ ಇದ್ರ ನೀವ ಬಂದು ಇಳೀರಿ.”

ಕಿಟಕಿ ಮುಚ್ಚಿತು. ಕೆಲಸಗಾರ ಹಗ್ಗ ಬಿಚ್ಚಿ ಕಟ್ಟೆಯ ಮೇಲೆ ಕುಳಿತ. ಹೆಸರು ಕೇಳಿ ಬರೆದುಕೊಂಡೆ: ಅನಿಲ. ಮಧ್ಯಾಹ್ನ ಅವರ ಗುತ್ತಿಗೆದಾರ ಫೋನಿನಲ್ಲಿ ನನ್ನನ್ನು ಬೈಯುತ್ತಲೇ ಪೈಪು ಕತ್ತರಿಸಲು ಒಪ್ಪಿದ. ರಸ್ತೆ ಅಗೆದು ನಾಝಲ್ ತೆಗೆಯುತ್ತಾರಂತೆ.

ಇಂದು ಈ ಓಣಿಯ ಈ ಚೇಂಬರಿನೊಳಗೆ ಯಾರೂ ಇಳಿಯಲಿಲ್ಲ. ಮೇಲೆ ಕುಳಿತೇ ನೋಡಿದ್ದೇನೆ. ಮುಂದಿನ ಓಣಿಯದು ನನಗೆ ಗೊತ್ತಿಲ್ಲ.