ಕೋಳಿಯನ್ನದ ಅಂಗಡಿಯಲ್ಲಿ ಸೂತಕ ಕಳೆದದ್ದು

ಗಾಜಿನ ಪೆಟ್ಟಿಗೆಯೊಳಗೆ ಕೋಳಿಗಳು ಕೊರಳಿಗೆ ಕೊಂಡಿ ಸಿಕ್ಕಿಸಿಕೊಂಡು, ತಲೆ ಸಮೇತ, ಸಾಲಾಗಿ ನೇತಾಡುತ್ತಿದ್ದವು. ಮೈಮೇಲೆ ಚಿಟಿಕೆ ಖಾರವಿಲ್ಲ, ಅರಿಶಿನದ ಸುಳಿವಿಲ್ಲ. ಈಗಷ್ಟೇ ಎರೆದುಕೊಂಡು ಬಂದ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಸಿಂಗಾಪುರಕ್ಕೆ ಬಂದ ಮೊದಲ ಭಾನುವಾರ ಹಸಿದು ನಿಂತಿದ್ದ ನಾನು, ಇವರ ಮನೆಯಲ್ಲಿ ಯಾರೋ ಜಡ್ಡು ಬಿದ್ದಿರಬೇಕು, ಪಥ್ಯದ ಅಡುಗೆ ಮಾಡಿದ್ದಾರೆ ಅಂದುಕೊಂಡೆ.

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಕೋಳಿ ಅಂದರೆ ಕೆಂಪು ಸಾರು. ಮೂಗಿನಲ್ಲಿ ನೀರಿಳಿಯಬೇಕು, ರೊಟ್ಟಿ ಮುರಿದು ಕಲಸಬೇಕು. ಅನ್ನ ಕೊನೆಗೆ ಒಂದು ಹಿಡಿ ಬಂದರೆ ಬಂತು. ಇಲ್ಲಿ ಅನ್ನವೇ ಯಜಮಾನ. ಕೋಳಿಯನ್ನು ಬಿಸಿನೀರಿನಲ್ಲಿ ಮೆಲ್ಲಗೆ ಬೇಯಿಸಿ, ತಣ್ಣೀರಿನಲ್ಲಿ ಅದ್ದಿ, ತುಂಡು ಹೊಡೆದು ಅನ್ನದ ಮೇಲೆ ಒರಗಿಸಿಡುತ್ತಾರೆ. ಪಕ್ಕಕ್ಕೆ ಸೌತೆಕಾಯಿ, ಒಂದು ಬಟ್ಟಲು ತಿಳಿಸಾರು, ಸ್ವಲ್ಪ ಕೆಂಪು ಚಟ್ನಿ.

ಅಂಗಡಿ ಹಳೆಯದು. ಈಗಿನ ಯಜಮಾನನ ಅಜ್ಜ ತಳ್ಳುಗಾಡಿಯಲ್ಲಿ ಶುರು ಮಾಡಿದ್ದಂತೆ. ಈಗ ಕೊಪಿಟಿಯಂನ, ಅಂದರೆ ನಾಲ್ಕಾರು ಅಡುಗೆಯವರು ಒಂದೇ ಸೂರಿನಡಿ ಒಲೆ ಹೂಡಿದ ಚಹಾದಂಗಡಿಯ, ಮೂಲೆಯ ಜಾಗ ಅವರದು. ಗಂಡ ದಪ್ಪ ಕತ್ತಿಯಿಂದ ಕೋಳಿ ಹೊಡೆಯುತ್ತಾನೆ, ಮಾತಿಲ್ಲ. ಮಾತೆಲ್ಲ ಹೆಂಡತಿಯದು. ಇಲ್ಲಿ ಅಂಥ ಹೆಂಗಸರನ್ನು ಎಲ್ಲರೂ ಆಂಟಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆಕೆಯದು ಅರ್ಧ ಇಂಗ್ಲಿಷು, ನನ್ನದು ಪಾವು. ಆದರೂ ನನ್ನ ಕಿವಿಗೆ ಅದು ಊರ ಮಾತಿನಂತೆಯೇ ಬೀಳುತ್ತದೆ, ಹಾಗೇ ಬರೆಯುತ್ತೇನೆ.

“ಮತ್ತ ಚಟ್ನಿ ಬೇಕೇನ? ಹೊಟ್ಟ್ಯಾಗ ಒಲಿ ಇಟ್ಕೊಂಡಿಯೇನೋ?” ಅನ್ನುತ್ತಾಳೆ, ಅನ್ನುತ್ತಲೇ ಹಾಕುತ್ತಾಳೆ.

ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಸೀಜನ್ನಿನಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು ನಾನು. ಸೀಜನ್ ಮುಗಿದರೆ ಗಾಣವೂ ಮಲಗುತ್ತಿತ್ತು, ನಾನೂ ಮಲಗುತ್ತಿದ್ದೆ. ಇಲ್ಲಿ ಹಡಗುಗಳಿಗೆ ವೆಲ್ಡಿಂಗ್ ಮಾಡುತ್ತೇನೆ, ಅವಕ್ಕೆ ಸೀಜನ್ ಇಲ್ಲ. ಕೋಣೆಯಲ್ಲಿ ಮಂಚದ ಮೇಲೆ ಮಂಚ. ಕೆಳಗಿನವನು ಬಂಗಾಳಿ, ಪಕ್ಕದವನು ತಮಿಳಿನವನು. ವಾರವಿಡೀ ನನ್ನ ಬಾಯಿಂದ ಕನ್ನಡ ಬರುವುದು ಕೈ ಸುಟ್ಟುಕೊಂಡಾಗ ಮಾತ್ರ.

ಅಂಥ ಒಂದು ವಾರದಲ್ಲಿ ದೊಡ್ಡವ್ವ ತೀರಿಕೊಂಡಳು. ನನ್ನನ್ನು ಸಾಕಿದವಳು, ಮಾತು ಕಲಿಸಿದವಳು. ರಜೆ ಸಿಗಲಿಲ್ಲ, ನಾನಿಲ್ಲದೆ ಮಣ್ಣಾಯಿತು. ನಮ್ಮಲ್ಲಿ ಕರ್ಮ ಮುಗಿದರೂ ಸೂತಕದ ಮನೆಯವರು ತಾವಾಗಿ ಕೋಳಿ ಕುರಿ ಮುಟ್ಟುವಂತಿಲ್ಲ. ಬೇರೆ ಮನೆಯವರು, ಹೆಚ್ಚಾಗಿ ಸೋದರಮಾವ, ಕರೆದು ಕೂಡ್ರಿಸಿ ತಮ್ಮ ಕೈಯಿಂದ ಬಡಿಸಿದ ಮೇಲೆಯೇ ಸೂತಕ ಕಳೆದಂತೆ. ಕಿತ್ತೂರಿನ ಮಾವ ಮನೆಮಂದಿಗೆಲ್ಲ ಬಡಿಸಿ ನನಗೆ ಫೋನು ಮಾಡಿದ.

“ಎಲ್ಲಾರ್ದೂ ಆತು ತಮ್ಮಾ, ನಿಂದೊಂದ ಉಳೀತು. ನೀ ಬಂದ ದಿನಾ ತಗೀತೇನಿ. ಅಲ್ಲೀಮಟಾ ಬಾಯಿಗಿ ಹಚ್ಚಬ್ಯಾಡ.”

“ಇಲ್ರಿ ಮಾವಾ, ಹಚ್ಚಂಗಿಲ್ಲ.”

ಒಂದು ಹಿಡಿ ಮಣ್ಣು ಹಾಕಲಾಗದವನಿಗೆ ಇದೊಂದೇ ಉಳಿದಿತ್ತು. ಇದನ್ನಾದರೂ ಕೆಡಿಸದೆ ಊರಿಗೆ ಒಯ್ಯಬೇಕು ಅಂದುಕೊಂಡೆ.

ಆ ಭಾನುವಾರ ದಣಿದ ಕಾಲು ರೂಢಿಯಂತೆ ಅದೇ ಅಂಗಡಿಗೆ ಎಳೆದೊಯ್ದಿತು. ಬರೀ ಅನ್ನ, ಸೌತೆಕಾಯಿ ಸಾಕು ಅಂದೆ. ತಿಳಿಸಾರನ್ನೂ ಹಿಂದಕ್ಕೆ ಕೊಟ್ಟೆ. ಅದು ಕೋಳಿ ಬೇಯಿಸಿದ ನೀರೆಂದು ಗೊತ್ತಿತ್ತು. ಅರ್ಧ ತಾಟು ಖಾಲಿಯಾಗಿತ್ತು, ಆಂಟಿ ಮೇಜು ಒರೆಸುತ್ತ ಬಂದಳು.

“ಕೋಳಿ ಯಾಕ ಬ್ಯಾಡ? ಡಾಕ್ಟರ್ ಬ್ಯಾಡ ಅಂದಾನೇನು?”

ಹೇಳಿದೆ. ಆಕೆ ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಅಯ್ಯ ಹುಚ್ಚಪ್ಪಾ, ಅನ್ನಾನೂ ಕೋಳೀದ ಐತಲ್ಲೋ! ಕೋಳಿ ಕೊಬ್ಬಿನ್ಯಾಗ ಅಕ್ಕಿ ಹುರದು, ಅದರ ನೀರಾಗ ಬೇಯಿಸ್ತೇವಿ. ಇಷ್ಟ್ ದಿನಾ ಏನ್ ತಿಂತಿದ್ದಿ ನೀ?”

ಬಾಯಲ್ಲಿದ್ದ ತುತ್ತು ಉಗುಳಲಾಗಲಿಲ್ಲ, ನುಂಗಲಾಗಲಿಲ್ಲ. ಆ ಘಮವನ್ನು ನಾನು ಶುಂಠಿ ಬೆಳ್ಳುಳ್ಳಿಯದೆಂದುಕೊಂಡಿದ್ದೆ. ನಮ್ಮಲ್ಲಿ ಅನ್ನವೆಂದರೆ ಬರೀ ಅನ್ನ. ಅದರೊಳಗೆ ಕೋಳಿ ಅಡಗಿ ಕೂತಿರಬಹುದೆಂದು ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವ್ವನಿಗಾಗಿ ಮಾಡುತ್ತಿದ್ದ ಒಂದೇ ಕೆಲಸ ಹೋಯಿತು, ಅದೂ ಒಬ್ಬನೇ ಕೂತು, ನನ್ನ ಕೈಯಾರೆ.

“ಯಾರು ಬಡಿಸಬೇಕು ಅಂದಿ?”

“ಬ್ಯಾರೆ ಮನಿಯವ್ರು.”

“ಮತ್ತ ನಾ ಏನ್ ನಿನ್ನ ಮನ್ಯಾಕಿ ಏನು?”

ಹೋಗಿ ತೊಡೆಯ ತುಂಡು ತಂದಳು. ತಾನೇ ನನ್ನ ತಾಟಿಗೆ ಹಾಕಿ ಎದುರಿಗೆ ಕೂತಳು. ಅಂಗಡಿಯ ಮುಂದೆ ಜನ ಸಾಲುಗಟ್ಟಿದ್ದರು. ಎಂದೂ ಮಾತಾಡದ ಗಂಡ ಏನೋ ಕೂಗಿದ. ಆಕೆ ತಿರುಗಿಯೂ ನೋಡಲಿಲ್ಲ. ನಾನು ತಿಂದು ಮುಗಿಸಿದ ಮೇಲೆಯೇ ಎದ್ದಳು.

ಅಂದೇ ಮಾವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆಚೆಯಿಂದ ಹೆದ್ದಾರಿಯ ಲಾರಿಗಳ ಸದ್ದು ಕೇಳುತ್ತಿತ್ತು. ಮಾವ ಕೇಳಿದ.

“ತನ್ನ ಕೈಲೆ ಬಡಿಸಿದ್ಲಾ?”

“ಹೂನ್ರಿ.”

“ನೀ ತಿನ್ನೂಮಟಾ ಮುಂದ ಕುಂತಿದ್ಲಾ?”

“ಹೂನ್ರಿ ಮಾವಾ.”

“ಹಂಗಾರ ಅಲ್ಲೀದು ಕಳೀತು. ಪುಣ್ಯಾತಗಿತ್ತಿ. ಆದ್ರ ಇಲ್ಲೀದು ಇಲ್ಲೇ ಐತಿ ನೋಡಪಾ. ಅಕಿ ಊರಾಗಿಂದು ಅಕಿ ತಗದ್ಲು, ನಮ್ಮ ಊರಾಗಿಂದು ನಾನ ತಗೀಬೇಕು.”

ಕರಾರು ಮುಗಿಯುವುದು ಇನ್ನೂ ದೂರವಿದೆ. ಭಾನುವಾರ ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತೇನೆ, ಆಂಟಿಯ ಕೈಯಿಂದ ಬೈಸಿಕೊಳ್ಳುತ್ತೇನೆ, ಕೋಳಿ ತಿನ್ನುತ್ತೇನೆ. ಇಲ್ಲಿ ನಾನು ಸೂತಕ ಕಳೆದವನು. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ದಿನ ದೊಡ್ಡವ್ವ ಮತ್ತೊಮ್ಮೆ ತೀರಿಕೊಳ್ಳುತ್ತಾಳೆ.