ಒತ್ತು ಬಿಟ್ಟ ಕನ್ನಡಕ

ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಕಾಲದಲ್ಲಿ, ಅಕ್ಷರದ ಕಾಲಡಿಗೆ ಅವನು ಕೂರಿಸುತ್ತಿದ್ದ ಒತ್ತುಗಳನ್ನು ನೋಡಲೆಂದೇ ಜನ ಸೈಕಲ್ ನಿಲ್ಲಿಸುತ್ತಿದ್ದರಂತೆ. ಹಾಗೆಂದು ಹೇಳುತ್ತಿದ್ದವನು ಅವನೇ. ಆದರೂ ಬೀದಿಯವರೆಲ್ಲ ಅವನನ್ನು ಒತ್ತಣ್ಣ ಎಂದು ಕರೆಯುತ್ತಿದ್ದದ್ದು ಸುಳ್ಳಲ್ಲ.

ಆಮೇಲೆ ತಮ್ಮ ಸ್ಟಿಕ್ಕರ್ ಕತ್ತರಿಸುವ ಮಿಷನ್ ತಂದ. ಕುಂಚ ಮೂಲೆ ಸೇರಿತು, ಒತ್ತಣ್ಣ ತಮ್ಮನ ಅಂಗಡಿಯ ಉದ್ದ ಮೇಜಿನ ಹಿಂದೆ ಕುರ್ಚಿ ಸೇರಿದ. ಮಿಷನ್ನು ಅಕ್ಷರದ ಅಂಚನ್ನು ಕೊಯ್ದು ಹಾಳೆ ಹೊರಗೆ ತಳ್ಳುತ್ತದೆ. ಸುತ್ತಲಿನ ಬೇಡದ ಸ್ಟಿಕ್ಕರನ್ನು ಸೂಜಿಮೊನೆಯಲ್ಲಿ ಎಬ್ಬಿಸಿ ಕೀಳುವುದು ಅವನ ಕೆಲಸ. "ಮೊದಲು ಅಕ್ಷರ ಬರೀತಿದ್ದೆ, ಈಗ ಅಕ್ಷರ ಅಲ್ಲದ್ದನ್ನ ಕೀಳ್ತೀನಿ. ಬಡ್ತಿ ಅಂದ್ರೆ ಇದೇ" ಎನ್ನುತ್ತಿದ್ದ.

ಒಂದು ಬೆಳಗ್ಗೆ ಎದುರು ಸಾಲಿನ ಹೊಸ ಕನ್ನಡಕದಂಗಡಿಯವನು ಬಂದು ಬಾಗಿಲಲ್ಲೇ ನಿಂತು, ಅಂಗಡಿಯ ಯಜಮಾನ ಒತ್ತಣ್ಣನೇ ಎಂದುಕೊಂಡು ಶುರು ಮಾಡಿದ.

"ಕಣ್ಣು ನೋಡಿ ಕನ್ನಡಕ ಕೊಡುತ್ತೇವೆ ಅಂತ ತಾನೆ ನಾನು ಬರೆಸಿದ್ದು? ಈಗ ನನ್ನ ಗಾಜಿನ ಮೇಲೆ ಕಣು ನೋಡಿ ಕನಡಕ ಕೊಡುತೇವೆ ಅಂತಿದೆ. ಕನ್ನಡಕ ಮಾರೋನು ನಾನು ಸ್ವಾಮಿ, ಹಾಕ್ಕೋಬೇಕಾದೋರು ನೀವು."

ಆದದ್ದು ಇಷ್ಟು. ಆ ಹಾಳೆಯಲ್ಲಿ ಬೇಡದ್ದನ್ನು ಎಳೆದಾಗ ಒತ್ತುಗಳೂ ಜೊತೆಯಲ್ಲೇ ಎದ್ದು ಬಂದಿದ್ದವು. ಒತ್ತಣ್ಣ ಬಾಯಿ ಬಿಡದೆ ಅವನ್ನು ಒಂದೊಂದಾಗಿ ಸೂಜಿಯಿಂದ ಹಿಡಿದು ಮತ್ತೆ ಸ್ವಸ್ಥಾನಕ್ಕೆ ಕೂರಿಸಿದ್ದ. ಒತ್ತಿನ ವಿಷಯದಲ್ಲಿ ಅವನಿಗೆ ಇದ್ದ ಅಭಿಮಾನ ಅಂಥದ್ದು. ಅಂಟಿಗೆ ಅಭಿಮಾನವಿರಲಿಲ್ಲ, ಎರಡೇ ದಿನಕ್ಕೆ ಒತ್ತುಗಳು ಉದುರಿದವು.

ತಮ್ಮ ಮಿಷನ್ನಿನ ಒತ್ತಡ ಏರಿಸಿದ. "ಒತ್ತು ಬರಬೇಕು ಅಂದ್ರೆ ಒತ್ತಲೇಬೇಕು" ಎಂದ. ಈಗ ಬ್ಲೇಡು ಸ್ಟಿಕ್ಕರಿನ ಜೊತೆ ಅಡಿಯ ಕಾಗದವನ್ನೂ ಕೊಯ್ದು ಹಾಕಿತು. ಹೊಸ ಬ್ಲೇಡು ಹಾಕಿದ. ಅಕ್ಷರದ ಮೂಲೆಗಳು ಹಾಗೇ ದುಂಡಗೆ ಉಳಿದವು, ಕೊಯ್ದ ಗೆರೆ ಹೊರಟಲ್ಲಿಗೆ ಬಂದು ಸೇರದೆ ನಿಂತಿತು.

"ಬ್ಲೇಡು ಹೊಸದು. ಮಿಷನ್ನು ಚೆನ್ನಾಗಿದೆ" ಎಂದ ತಮ್ಮ, ಅಣ್ಣನ ಸೂಜಿಯನ್ನೇ ನೋಡುತ್ತ. "ಕೈ ನಡುಗ್ತಿದೆಯೇನೋ ಅಣ್ಣ ನಿಂಗೆ."

ಕೈ ನಡುಗುತ್ತದೆ ಎಂದು ಒಮ್ಮೆ ಹೆಸರು ಬಿದ್ದರೆ ಆ ಕುರ್ಚಿಯ ಋಣ ತೀರಿದಂತೆಯೇ ಎಂಬುದು ಒತ್ತಣ್ಣನಿಗೆ ಗೊತ್ತಿತ್ತು.

"ಮಧ್ಯಾಹ್ನದವರೆಗೆ ಮಿಷನ್ ಬಿಟ್ಟುಕೊಡು" ಎಂದ.

ಬ್ಲೇಡು ಕೂರುವ ಹೋಲ್ಡರನ್ನು ಬಿಚ್ಚಿದ. ಪೆನ್ನಿನ ತಲೆಯಷ್ಟು ದಪ್ಪದ ಕೊಳವೆ. ಮೂಲೆ ಬಂದಾಗ ಬ್ಲೇಡು ಅದರೊಳಗೆ ತಾನಾಗಿ ತಿರುಗಬೇಕು. ಒತ್ತಣ್ಣ ಬೆರಳಲ್ಲಿ ತಿರುಗಿಸಿ ನೋಡಿದ. ಮದುವೆಗೆ ಕರೆಯದ ನೆಂಟನ ಮುಖದ ಹಾಗೆ ಅದು ಬಿಗಿದುಕೊಂಡಿತ್ತು. ಬ್ಲೇಡು ತೆಗೆದು ಸೂಜಿ ಹಾಕಿ ಕೆದಕಿದ. ಅಂಟು ಮೆತ್ತಿದ ಸ್ಟಿಕ್ಕರಿನ ಎಳೆಗಳು, ಸಾಸಿವೆ ಕಾಳಿನಷ್ಟು ಉಂಡೆಯಾಗಿ ಹೊರಗೆ ಬಂದವು. ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟ. ಬ್ಲೇಡಿನ ಮೊನೆ ಕಂಡೂ ಕಾಣದಷ್ಟೇ ಹೊರಗೆ ಇಟ್ಟು, ತಮ್ಮ ಏರಿಸಿದ್ದ ಒತ್ತಡವನ್ನೆಲ್ಲ ಇಳಿಸಿದ. ಇಷ್ಟೆಲ್ಲ ಮಾಡುವಾಗ ಅವನ ಕೈ ಒಮ್ಮೆಯೂ ನಡುಗಲಿಲ್ಲ. ನೋಡುವುದಕ್ಕೆ ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಊಟದ ಡಬ್ಬಿ ತಂದ ತನ್ನ ಹೆಂಡತಿಯ ಜೊತೆ ತಮ್ಮ ಒಳಗೆ ಬಂದ. "ಟ್ರಯಲ್‌ಗೆ ಏನು ಹಾಕ್ಲಿ?"

"ಒತ್ತಿರೋದು ಯಾವುದಾದ್ರೂ."

ತಮ್ಮ ನಗುತ್ತ 'ಒತ್ತಣ್ಣ' ಎಂದು ಟೈಪು ಮಾಡಿದ. ಮಿಷನ್ನು ಸರಸರನೆ ಓಡಿ ನಿಂತಿತು. ಒತ್ತಣ್ಣ ಸೂಜಿ ಎತ್ತಿಕೊಳ್ಳುವಷ್ಟರಲ್ಲಿ ತಮ್ಮನ ಹೆಂಡತಿ ಮೂಲೆ ಹಿಡಿದು ಎಳೆದಳು. ಬೇಡದ್ದೆಲ್ಲ ಒಂದೇ ಎಳೆತಕ್ಕೆ ಬಂತು. ಎರಡು ಒತ್ತುಗಳೂ ಅಲ್ಲಾಡದೆ ಉಳಿದವು.

"ಇಷ್ಟೇನಾ ಭಾವ? ಹಾಲಿನ ಕೆನೆ ತೆಗೆದ ಹಾಗೆ ಬಂತಲ್ಲ. ಇದಕ್ಕೆ ಇಷ್ಟು ವರ್ಷ ಸೂಜಿ ಹಿಡ್ಕೊಂಡು ಕೂತಿದ್ರಾ?"

ಬ್ಲೇಡು ಸರಿ ಇದ್ದರೆ ಸೂಜಿ ಬೇಕಾಗುವುದು ಅಪರೂಪ ಎಂಬುದನ್ನು ಒತ್ತಣ್ಣ ತಾನೇ ಈಗಷ್ಟೇ ಸಾಬೀತು ಮಾಡಿದ್ದ.

ತಮ್ಮ ಹಾಳೆಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. "ಇನ್ನು ನೀನ್ಯಾಕಣ್ಣ ಇಲ್ಲಿ ಕೂತು ಸೊಂಟ ನೋಯಿಸ್ಕೋಬೇಕು? ಆರಾಮಾಗಿ ಮನೇಲಿರು. ಹೇಗೂ ಇವಳು ಮಧ್ಯಾಹ್ನ ಬಿಡುವಾಗಿರ್ತಾಳೆ. ಮಿಷನ್ ಕೆಟ್ರೆ ಹೇಳಿ ಕಳಿಸ್ತೀನಿ."

"ನಾನು ಸರಿಮಾಡಿದ್ದು ಕೆಡಲ್ಲಪ್ಪ" ಎಂದ ಒತ್ತಣ್ಣ. ಬೈಗುಳವಾಗಿ ಶುರುವಾದ ಮಾತು ಬಾಯಿಂದ ಹೊರಬರುವಷ್ಟರಲ್ಲಿ ಭರವಸೆಯಾಗಿಬಿಟ್ಟಿತ್ತು.

"ಅದೇ ಬೇಕಾಗಿದ್ದು" ಎಂದ ತಮ್ಮ. ಟ್ರಯಲ್ ತುಂಡು ಕಸದ ಬುಟ್ಟಿ ಸೇರಿತು.

ನಾಲ್ಕು ದಿನದ ಮೇಲೆ ಒತ್ತಣ್ಣ ಆ ದಾರಿಯಲ್ಲಿ ಹೋಗುವಾಗ ಕನ್ನಡಕದಂಗಡಿಯವನು ಕರೆದ. ಹೊಸ ಅಕ್ಷರಗಳು ಗಾಜಿನ ಮೇಲೆ ಒತ್ತುಸಮೇತ ಕೂತಿದ್ದವು.

"ಈಗ ನೋಡಿ, ಎಷ್ಟು ಚೊಕ್ಕವಾಗಿದೆ. ಮಿಷನ್ ಬದಲಾಯಿಸಿದ್ರಾ?"

"ಮಿಷನ್ ಅದೇ. ಮನುಷ್ಯನ್ನ ಬದಲಾಯಿಸಿದ್ರು."

"ಒಳ್ಳೇದಾಯ್ತು ಬಿಡಿ" ಎಂದ ಅವನು, ಕನ್ನಡಕ ಒರೆಸುತ್ತ. "ಮೊದಲಿದ್ದೋನಿಗೆ ಕೈ ನಡುಗ್ತಿತ್ತಂತೆ."